ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು



ನಿಮಗೊಂದು ಚಿಕ್ಕ ಪರೀಕ್ಷೆ. ಹೆದರಬೇಡಿ, ಇದಕ್ಕೆ ಅಂಕಗಳಿಲ್ಲ! ಕಳೆದ ವಾರ ವಿಜ್ಞಾನದ ತರಗತಿಯಲ್ಲಿ ನೀವು ಕಲಿತ ಪಾಠ ಯಾವುದು? ಅದರಲ್ಲಿದ್ದ ಮೂರು ವಿಷಯಗಳನ್ನು ಪುಸ್ತಕ ತೆರೆಯದೆ ಹೇಳಬಲ್ಲಿರಾ? ಒಂದು ನಿಮಿಷ ಯೋಚಿಸಿ.

ಹೇಳಲು ಸಾಧ್ಯವಾಯಿತೇ? ಆಗಿದ್ದರೆ ತುಂಬಾ ಸಂತೋಷ. ಆಗದಿದ್ದರೂ ಬೇಸರ ಬೇಡ. ಏಕೆಂದರೆ ಇಂದು ನಾನು ಮಾತನಾಡಬೇಕೆಂದಿರುವುದೇ ಮರೆಯುವವರ ಬಗ್ಗೆ. ಹಾಗೆ ಮರೆತವರಲ್ಲಿ ನಾನೂ ಒಬ್ಬ.

ನಾನು ಏಳನೆಯ ತರಗತಿಯಲ್ಲಿದ್ದಾಗ ನಡೆದ ಸಂಗತಿ ಇದು. ರಕ್ತ ಪರಿಚಲನೆಯ ಪಾಠದ ಮೇಲೆ ಮರುದಿನ ಪ್ರಶ್ನೆ ಕೇಳುವುದಾಗಿ ನಮ್ಮ ಮೇಷ್ಟ್ರು ಹೇಳಿದ್ದರು. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಆ ಪಾಠವನ್ನು ಏಳು ಸಲ ಗಟ್ಟಿಯಾಗಿ ಓದಿದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಅವ್ವನಿಗೆ ನನ್ನ ದನಿ ಕೇಳಿ ಬಹಳ ಸಂತೋಷ. ಬೆಳಿಗ್ಗೆ ಮೇಷ್ಟ್ರು ನನ್ನನ್ನೇ ಎಬ್ಬಿಸಿ ಕೇಳಿದರು: “ಅಪಧಮನಿಗೂ ಅಭಿಧಮನಿಗೂ ಏನು ವ್ಯತ್ಯಾಸ?” ಆ ಸಾಲು ಎಡಗಡೆಯ ಪುಟದ ಕೆಳಗಿತ್ತು ಎಂಬುದು ನೆನಪಾಯಿತು. ಪಕ್ಕದಲ್ಲಿ ಹೃದಯದ ಚಿತ್ರವಿತ್ತು ಎಂಬುದೂ ನೆನಪಾಯಿತು. ಉತ್ತರ ಮಾತ್ರ ಬಾಯಿಗೆ ಬರಲಿಲ್ಲ.

“ಓದಿಲ್ಲ ತಾನೇ?” ಎಂದರು. “ಏಳು ಸಲ ಓದಿದ್ದೇನೆ ಸಾರ್” ಎಂದೆ. “ಏಳು ಸಲ ಓದಿದರೂ ತಲೆಗೆ ಹತ್ತಲಿಲ್ಲ ಎಂದರೆ ನೀನು ದಡ್ಡನೇ ಸರಿ” ಎಂದರು. ತರಗತಿ ನಕ್ಕಿತು. ನಾನು ಆ ಮಾತನ್ನು ನಂಬಿದೆ. ಮುಂದೆ ಬಹಳ ದಿನ ಹಿಂದಿನ ಸಾಲಿನಲ್ಲೇ ಕುಳಿತೆ. ಯಾವ ಪ್ರಶ್ನೆಗೂ ಕೈ ಎತ್ತಲಿಲ್ಲ.

ಈಗ ನನಗೆ ಗೊತ್ತು, ತೊಂದರೆ ಇದ್ದದ್ದು ನಾನು ಓದಿದ ಕ್ರಮದಲ್ಲಿ. ಓದಿದ್ದು ನೆನಪಿನಲ್ಲಿ ಉಳಿಯಬೇಕಾದರೆ ಪುಸ್ತಕವನ್ನು ಮತ್ತೆ ಮತ್ತೆ ತೆರೆಯುವುದಕ್ಕಿಂತ ಮತ್ತೆ ಮತ್ತೆ ಮುಚ್ಚಬೇಕು! ಇದು ನನ್ನ ಅಭಿಪ್ರಾಯ. ವಿಚಿತ್ರವೆನಿಸಿತೇ? ಇದಕ್ಕೆ ಆಧಾರವೇನು, ನೋಡೋಣ ಬನ್ನಿ.

ಮರೆವನ್ನು ಅಳೆದ ವಿಜ್ಞಾನಿ

ಉದ್ದವನ್ನು ಅಳೆಯಬಹುದು, ತೂಕವನ್ನು ಅಳೆಯಬಹುದು. ಮರೆವನ್ನು ಅಳೆಯಲು ಸಾಧ್ಯವೇ? ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿಜ್ಞಾನಿ ಅದನ್ನೂ ಅಳೆದರು. ತಮ್ಮ ಪ್ರಯೋಗಕ್ಕೆ ಅವರು ಬಳಸಿದ್ದು ತಮ್ಮನ್ನೇ. ಅರ್ಥವಿರುವ ಪದಗಳು ಸುಲಭವಾಗಿ ನೆನಪಾಗುತ್ತವೆ ಎಂದು, ಯಾವ ಅರ್ಥವೂ ಇಲ್ಲದ ಸುಮಾರು 2,300 ಪುಟ್ಟ ಪುಟ್ಟ ಪದಗಳನ್ನು ಸೃಷ್ಟಿಸಿದರು. ಅವನ್ನು ಸಾಲು ಸಾಲಾಗಿ ಬಾಯಿಪಾಠ ಮಾಡಿದರು. ಸ್ವಲ್ಪ ಕಾಲದ ನಂತರ ಅದೇ ಸಾಲುಗಳನ್ನು ಮತ್ತೆ ಕಲಿತರು. ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಲೆಕ್ಕ ಹಾಕಿದರು. ಶ್ರಮ ಹೆಚ್ಚು ಉಳಿದರೆ ನೆನಪು ಹೆಚ್ಚು ಉಳಿದಿದೆ ಎಂದರ್ಥ, ಅಲ್ಲವೇ?

ಮೊದಲ ಸಲದ ಶ್ರಮವನ್ನು 100 ಎಂದುಕೊಳ್ಳಿ. ಒಂದು ಗಂಟೆಯ ನಂತರ ಕಲಿತಾಗ ಉಳಿದ ಶ್ರಮ ಸುಮಾರು 44. ಒಂದು ದಿನದ ನಂತರ ಸುಮಾರು 34. ಒಂದು ತಿಂಗಳ ನಂತರ ಸುಮಾರು 21. ಈ ಅಂಕಿಗಳನ್ನು ಗಮನಿಸಿ. ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸೋರಿ ಹೋಗಿದೆ. ಆಮೇಲೆ ಸೋರುವುದು ನಿಧಾನವಾಗಿದೆ. ಎಬಿಂಗ್‌ಹೌಸ್ ಇದನ್ನು 1885ರಲ್ಲಿ ಪ್ರಕಟಿಸಿದರು.

ನೋಡಿದಿರಾ! ಹಗಲಿರುಳು ಶ್ರಮಿಸಿದ ವಿಜ್ಞಾನಿಯೇ ಒಂದು ಗಂಟೆಯಲ್ಲಿ ಇಷ್ಟು ಮರೆತರು. ಹಾಗಾದರೆ ನೀವು ಮರೆತರೆ ಅದು ದಡ್ಡತನ ಹೇಗಾಗುತ್ತದೆ? ಹಸಿವಿನಂತೆ, ನಿದ್ರೆಯಂತೆ ಮರೆವು ಕೂಡ ಎಲ್ಲರಿಗೂ ಸಹಜ.

ಬಿದಿರಿನ ಪಾಠ ಓದಿದ ಆರನೆಯ ತರಗತಿಯ ಮಕ್ಕಳು

ಸೋರುವುದನ್ನು ತಡೆಯುವುದು ಹೇಗೆ? 1939ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಹರ್ಬರ್ಟ್ ಸ್ಪಿಟ್ಜರ್ ಎಂಬುವರು ಒಂದು ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದವರು 3,605 ಮಕ್ಕಳು. ಎಲ್ಲರೂ ಆರನೆಯ ತರಗತಿಯವರು, ನಿಮ್ಮಂತೆಯೇ! ಬಿದಿರಿನ ಬಗ್ಗೆ ಬರೆದ ಒಂದು ಪುಟ್ಟ ಲೇಖನವನ್ನು ಅವರಿಗೆ ಓದಲು ಕೊಟ್ಟರು. ಕೆಲವರಿಗೆ ಓದಿದ ದಿನವೇ ಪ್ರಶ್ನೆ ಕೇಳಿದರು. ಕೆಲವರಿಗೆ ಮರುದಿನ, ಇನ್ನು ಕೆಲವರಿಗೆ ವಾರಗಳ ನಂತರ ಕೇಳಿದರು.

ಫಲಿತಾಂಶ ಏನಾಯಿತು ಗೊತ್ತೇ? ಓದಿದ ಕೂಡಲೇ ಪ್ರಶ್ನೆಗಳಿಗೆ ಉತ್ತರಿಸಿದ ಮಕ್ಕಳಿಗೆ ವಾರಗಳು ಕಳೆದರೂ ಹೆಚ್ಚು ವಿಷಯ ನೆನಪಿತ್ತು. ಯಾರೂ ಏನೂ ಕೇಳದೆ ಬಿಟ್ಟ ಮಕ್ಕಳು ಬೇಗ ಮರೆತಿದ್ದರು. ಅಂದರೆ ಪ್ರಶ್ನೆ ಕೇಳುವುದು ನೆನಪನ್ನು ಅಳೆಯುವ ಕೋಲು ಮಾತ್ರವಲ್ಲ, ನೆನಪನ್ನು ಬಲಪಡಿಸುವ ವ್ಯಾಯಾಮವೂ ಹೌದು.

ಇದು ಏಕೆ ಹೀಗೆ? ಹೊಲದ ನಡುವಿನ ಕಾಲುದಾರಿಯನ್ನು ನೆನಪಿಸಿಕೊಳ್ಳಿ. ಮೊದಲ ದಿನ ಹುಲ್ಲು ಸರಿಸಿ ನಡೆಯಬೇಕು. ದಿನವೂ ನಡೆದರೆ ದಾರಿ ಸವೆದು ಸ್ಪಷ್ಟವಾಗುತ್ತದೆ. ನಡೆಯುವುದನ್ನು ಬಿಟ್ಟರೆ ಮತ್ತೆ ಹುಲ್ಲು ಬೆಳೆಯುತ್ತದೆ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಸಂಗತಿಯನ್ನು ನೆನಪಿಸಿಕೊಂಡಾಗಲೆಲ್ಲ ಆ ನೆನಪಿಗೆ ಸಂಬಂಧಿಸಿದ ನರಕೋಶಗಳ ನಡುವಿನ ಕೊಂಡಿಗಳು ಬಲಗೊಳ್ಳುತ್ತವೆ. ಪುಸ್ತಕ ನೋಡಿ ಓದುವುದೆಂದರೆ ಬೇರೆಯವರ ಹೆಗಲೇರಿ ಹೊಲ ದಾಟಿದಂತೆ. ಪುಸ್ತಕ ಮುಚ್ಚಿ ನೆನಪಿಸಿಕೊಂಡರೆ ಮಾತ್ರ ನಾವೇ ನಡೆದಂತೆ.

ನಮಗೆ ನಾವೇ ಮೋಸ ಹೋಗುತ್ತೇವೆ

ಇನ್ನೊಂದು ಪ್ರಯೋಗ 2006ರದು. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಲೇಖನ ಕೊಟ್ಟರು. ಮೊದಲ ಗುಂಪಿನವರು ಐದೈದು ನಿಮಿಷಗಳ ನಾಲ್ಕೂ ಅವಧಿಯಲ್ಲಿ ಅದನ್ನು ಓದಿದರು. ಹೀಗೆ ಸರಾಸರಿ 14 ಸಲ ಓದಿದರು! ಎರಡನೆಯ ಗುಂಪಿನವರು ಒಂದು ಅವಧಿ ಮಾತ್ರ ಓದಿದರು. ಸರಾಸರಿ ಮೂರು ನಾಲ್ಕು ಸಲವಷ್ಟೇ. ಉಳಿದ ಮೂರು ಅವಧಿಯಲ್ಲಿ ಲೇಖನವನ್ನು ನೋಡದೆ, ನೆನಪಾದದ್ದನ್ನು ಖಾಲಿ ಹಾಳೆಯ ಮೇಲೆ ಬರೆದರು.

ಐದು ನಿಮಿಷದ ನಂತರ ಪರೀಕ್ಷಿಸಿದಾಗ ಬರೀ ಓದಿದವರೇ ಮುಂದಿದ್ದರು. ಅವರಿಗೆ ಶೇಕಡಾ 83 ನೆನಪಿದ್ದರೆ, ಬರೆದು ನೋಡಿದವರಿಗೆ ಶೇಕಡಾ 71. ಆದರೆ ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಚಿತ್ರವೇ ತಿರುಗಿತ್ತು. ಬರೀ ಓದಿದವರಿಗೆ ಶೇಕಡಾ 40 ಮಾತ್ರ ನೆನಪಿತ್ತು. ನೆನಪಿಸಿಕೊಂಡು ಬರೆದವರಿಗೆ ಶೇಕಡಾ 61.

ಇದರಲ್ಲಿ ಒಂದು ತಮಾಷೆಯಿದೆ. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯದಿಂದ ಇದ್ದವರು ಬರೀ ಓದಿದವರು! ಮತ್ತೆ ಮತ್ತೆ ಓದಿದಾಗ ಪಾಠದ ಮುಖ ಪರಿಚಯವಾಗಿಬಿಡುತ್ತದೆ. ಸಂತೆಯಲ್ಲಿ ದಿನವೂ ಕಾಣುವ ವ್ಯಕ್ತಿಯ ಹಾಗೆ. ಮುಖ ಗೊತ್ತು, ಹೆಸರು ಗೊತ್ತಿಲ್ಲ. ಏಳು ಸಲ ಓದಿದ ನನಗೂ ಆದದ್ದು ಇದೇ.

ಮಿಂಚುಪಟ್ಟಿ ಮಾಡೋಣ ಬನ್ನಿ

ಪುಸ್ತಕ ಮುಚ್ಚಿದರಾಯಿತೇ? ಪ್ರಶ್ನೆ ಕೇಳುವವರು ಯಾರು? ಅದಕ್ಕೇ ಇದೆ ಮಿಂಚುಪಟ್ಟಿ. ಇದು ನಿಮಗೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಮುಂದೆ ರಾಜ್ಯದ ತುಂಬಾ ಹರಡಿತು. ಒಂದರಿಂದ ಮೂರನೆಯ ತರಗತಿಯವರೆಗೆ ನಿಮ್ಮಲ್ಲಿ ಹಲವರು ಅದರ ಕಾರ್ಡುಗಳನ್ನು ಹಿಡಿದೇ ಕಲಿತಿರಬಹುದು. ದೊಡ್ಡ ತರಗತಿಗೆ ಬಂದ ಕೂಡಲೇ ಕಾರ್ಡುಗಳನ್ನು ಏಕೆ ಬಿಡಬೇಕು? ಒಂದೇ ವ್ಯತ್ಯಾಸ, ಈಗ ಕಾರ್ಡು ಮಾಡುವವರೂ ನೀವೇ, ಪ್ರಶ್ನೆ ಕೇಳುವವರೂ ನೀವೇ.

ಬೇಕಾಗುವ ಸಾಮಗ್ರಿ: ಹಳೆಯ ಲಗ್ನಪತ್ರಿಕೆಗಳು ಅಥವಾ ಹಳೆಯ ಕ್ಯಾಲೆಂಡರ್‌ನ ಹಾಳೆಗಳು, ಕತ್ತರಿ, ಪೆನ್ನು. ಖರ್ಚು ಏನೂ ಇಲ್ಲ. ಖಾಲಿ ಜಾಗ ನೋಡಿಕೊಂಡು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ. ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ ಬರೆಯಿರಿ. ಕ್ಯಾಲೆಂಡರ್‌ನ ಹಿಂಬದಿಯಲ್ಲೂ ಅಚ್ಚಾಗಿದ್ದರೆ ಎರಡು ತುಂಡುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಮೇಲೆ ಬಿಳಿ ಕಾಗದ ಹಚ್ಚಿ.

ಬರೆಯುವಾಗ ಒಂದು ಮಾತು ನೆನಪಿಡಿ. ಒಂದು ಪಟ್ಟಿಗೆ ಒಂದೇ ಪ್ರಶ್ನೆ. “ಹೃದಯದ ಬಗ್ಗೆ ಬರೆಯಿರಿ” ಎಂದು ಬರೆದರೆ ಅದು ಮಿಂಚುಪಟ್ಟಿಯಲ್ಲ, ಪ್ರಬಂಧ! ಅದನ್ನು ಹೀಗೆ ಒಡೆಯಿರಿ:

ಮನುಷ್ಯನ ಹೃದಯದಲ್ಲಿ ಎಷ್ಟು ಕೋಣೆಗಳಿವೆ? ನಾಲ್ಕು.

ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ನಾಳ ಯಾವುದು? ಅಪಧಮನಿ.

ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳ ಯಾವುದು? ಅಭಿಧಮನಿ.

ಅಪಧಮನಿಯ ಗೋಡೆ ದಪ್ಪವಾಗಿರುವುದು ಏಕೆ? ಹೃದಯವು ಒತ್ತಡದಿಂದ ನೂಕುವ ರಕ್ತವನ್ನು ಅದು ತಡೆದುಕೊಳ್ಳಬೇಕು, ಅದಕ್ಕೆ.

ಇನ್ನು ಕೇಳಿಕೊಳ್ಳುವ ಕ್ರಮ. ಅಜ್ಜಿ ಒಗಟು ಹೇಳಿದ್ದನ್ನು ನೆನಪಿಸಿಕೊಳ್ಳಿ. ಹೇಳಿದ ತಕ್ಷಣ ಅವರು ಉತ್ತರ ಕೊಡುತ್ತಿದ್ದರೇ? ಇಲ್ಲ. “ಯೋಚನೆ ಮಾಡು, ಸೋತೆನೆಂದು ಒಪ್ಪಿಕೋ, ಆಮೇಲೆ ಹೇಳುತ್ತೇನೆ” ಎನ್ನುತ್ತಿದ್ದರು. ಇಲ್ಲಿಯೂ ಅಷ್ಟೇ. ಉತ್ತರವನ್ನು ಬಾಯಿಬಿಟ್ಟು ಹೇಳಿ ಅಥವಾ ಬರೆಯಿರಿ. ಆಮೇಲೆಯೇ ಪಟ್ಟಿ ತಿರುಗಿಸಿ. “ಗೊತ್ತು ಬಿಡು” ಎಂದು ಮೊದಲೇ ತಿರುಗಿಸಿದರೆ ಅದೂ ಬರೀ ಓದೇ. ಉತ್ತರಕ್ಕಾಗಿ ತಡಕಾಡುವ ಆ ಅರ್ಧ ನಿಮಿಷವಿದೆಯಲ್ಲ, ಕಲಿಕೆ ನಡೆಯುವುದು ಅಲ್ಲಿಯೇ.

ಮೂರು ಡಬ್ಬಿಗಳ ಆಟ

ಪಟ್ಟಿಗಳು ಹೆಚ್ಚಾದಂತೆ ದಿನವೂ ಎಲ್ಲವನ್ನೂ ನೋಡುವುದು ಕಷ್ಟ. ಇದಕ್ಕೆ 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತರು ಒಂದು ಉಪಾಯವನ್ನು ಜನಪ್ರಿಯಗೊಳಿಸಿದರು. ಬರುವ ಪಟ್ಟಿಯನ್ನು ಅಪರೂಪಕ್ಕೆ ನೋಡಿ, ಬಾರದ ಪಟ್ಟಿಯನ್ನು ಪದೇ ಪದೇ ನೋಡಿ ಎಂಬುದೇ ಆ ಉಪಾಯ. ಅದನ್ನು ನಾವು ಮೂರು ಡಬ್ಬಿಗಳಲ್ಲಿ ಮಾಡಬಹುದು. ಚಪ್ಪಲಿ ಡಬ್ಬಿಗೆ ರಟ್ಟಿನ ಎರಡು ಅಡ್ಡಗೋಡೆ ಹಾಕಿದರೂ ಸಾಕು.

ಒಂದನೆಯ ಡಬ್ಬಿಯನ್ನು ದಿನವೂ ತೆರೆಯಿರಿ. ಎರಡನೆಯದನ್ನು ಬುಧವಾರ ಮತ್ತು ಶನಿವಾರ ತೆರೆಯಿರಿ. ಮೂರನೆಯದನ್ನು ಭಾನುವಾರ ಮಾತ್ರ. ಹೊಸ ಪಟ್ಟಿ ಒಂದನೆಯ ಡಬ್ಬಿಗೆ ಹೋಗಲಿ. ಉತ್ತರ ಸರಿಯಾದರೆ ಮುಂದಿನ ಡಬ್ಬಿಗೆ ಬಡ್ತಿ. ತಪ್ಪಾದರೆ ಎಲ್ಲಿದ್ದರೂ ಸರಿ, ಒಂದನೆಯ ಡಬ್ಬಿಗೆ ವಾಪಸ್. ಮೂರನೆಯ ಡಬ್ಬಿಯಲ್ಲಿ ನಾಲ್ಕು ಭಾನುವಾರ ಸರಿಯಾದ ಪಟ್ಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಎತ್ತಿಡಿ. ಪರೀಕ್ಷೆಗೆ ಮೊದಲು ಒಮ್ಮೆ ಬಿಚ್ಚಿದರೆ ಸಾಕು.

ಅಭ್ಯಾಸ ಉಳಿಯಬೇಕಾದರೆ

ಮಿಂಚುಪಟ್ಟಿ ಮಾಡುವುದು ಸುಲಭ. ಒಂದು ತಿಂಗಳು ಬಿಡದೆ ನೋಡುವುದು ಕಷ್ಟ. ಇದನ್ನು ನನಗೆ ಕಲಿಸಿದ್ದು ನನ್ನ ಅಕ್ಕನ ಮಗಳು. ಅವಳು ಆರನೆಯ ತರಗತಿಯಲ್ಲಿದ್ದಾಗ ಈ ಉಪಾಯ ಹೇಳಿಕೊಟ್ಟೆ. ಉತ್ಸಾಹದಿಂದ ಒಂದೇ ಭಾನುವಾರ 40 ಪಟ್ಟಿ ಬರೆದಳು. ಬಣ್ಣದ ಪೆನ್ಸಿಲ್‌ನಿಂದ ಅಂಚು ತೀಡಿದಳು. ಸೋಮವಾರ ಎಲ್ಲವನ್ನೂ ನೋಡಿದಳು. ಮಂಗಳವಾರ ಅರ್ಧ ನೋಡಿದಳು. ಗುರುವಾರದ ಹೊತ್ತಿಗೆ ಡಬ್ಬಿ ಅಟ್ಟ ಸೇರಿತ್ತು. “ಮಾವ, ನನ್ನ ಕೈಲಿ ಆಗಲ್ಲ” ಎಂದಳು.

ಆಗಿನ ಅವಳ ಮುಖದಲ್ಲಿ ನನಗೆ ಕಂಡದ್ದು ಹಿಂದಿನ ಸಾಲಿನಲ್ಲಿ ಕುಳಿತ ಏಳನೆಯ ತರಗತಿಯ ಹುಡುಗ. ಹಾಗಾಗಿ ಮತ್ತೊಮ್ಮೆ ಶುರು ಮಾಡಿದೆವು, ಈ ಬಾರಿ ಚಿಕ್ಕದಾಗಿ. ದಿನಕ್ಕೆ ಮೂರೇ ಹೊಸ ಪಟ್ಟಿ. ನಾಲ್ಕನೆಯದನ್ನು ಬರೆಯಬೇಕೆನಿಸಿದರೂ ಬರೆಯಬಾರದು. ಮೂರು ಎಂದರೆ ತೀರಾ ಕಡಿಮೆ ಎನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ದಿನಕ್ಕೆ ಮೂರರಂತೆ 200 ದಿನಕ್ಕೆ 600 ಪಟ್ಟಿಗಳು!

ಹೊತ್ತನ್ನೂ ಗೊತ್ತು ಮಾಡಿದೆವು. ಅವಳು ದಿನವೂ ಸಂಜೆ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದಳು. ಅಲ್ಲಿ ಸಾಲಿನಲ್ಲಿ ಹತ್ತು ನಿಮಿಷವಾದರೂ ನಿಲ್ಲಬೇಕು. ಆ ದಿನದ ಪಟ್ಟಿಗಳು ಜೇಬಿಗೆ ಹೋದವು. ಹಾಲಿನ ಕ್ಯಾನು ಕೈಗೆ ಬಂದರೆ ಪಟ್ಟಿಯೂ ನೆನಪಾಗತೊಡಗಿತು. ನಿಮಗೂ ಇಂಥ ಒಂದು ಹೊತ್ತು ಇದ್ದೇ ಇರುತ್ತದೆ. ಬಸ್ಸಿಗೆ ಕಾಯುವಾಗ, ನಲ್ಲಿ ನೀರು ತುಂಬುವಾಗ, ಸಂಜೆ ಕೈಕಾಲು ತೊಳೆದು ಕುಳಿತಾಗ. ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸದ ಜೊತೆ ಇದನ್ನು ಗಂಟು ಹಾಕಿ.

ಒಂದು ದಿನ ತಪ್ಪಿದರೆ? ಜಾತ್ರೆ, ಜ್ವರ, ನೆಂಟರು, ಏನಾದರೂ ಇರುತ್ತದೆ. ತಪ್ಪಿದ್ದಕ್ಕೆ ಶಿಕ್ಷೆಯಾಗಿ ಮರುದಿನ ಆರು ಬರೆಯಬೇಡಿ. ಮತ್ತೆ ಮೂರೇ ಬರೆಯಿರಿ. ಒಂದು ದಿನ ತಪ್ಪಿದರೆ ಅಭ್ಯಾಸ ಮುರಿಯುವುದಿಲ್ಲ. “ಹೇಗೂ ತಪ್ಪಿತು, ಇನ್ನು ಬಿಡೋಣ” ಎಂದಾಗ ಮುರಿಯುತ್ತದೆ.

ಬಹುಮಾನ ಬೇಕೇ? ಬೇಡ ಎನ್ನುವುದು ನನ್ನ ಅಭಿಪ್ರಾಯ. ಚಾಕಲೇಟಿಗಾಗಿ ಓದಿದರೆ ಚಾಕಲೇಟು ಮುಗಿದ ದಿನ ಓದೂ ಮುಗಿಯುತ್ತದೆ. ಅಕ್ಕನ ಮಗಳಿಗೆ ಒಂದು ಪಟ್ಟಿ ಬಹಳ ಕಾಟ ಕೊಟ್ಟಿತು. ಅದು ಬೇರೆ ಯಾವುದೂ ಅಲ್ಲ, ಅದೇ ಅಭಿಧಮನಿ! ಐದು ಸಲ ಒಂದನೆಯ ಡಬ್ಬಿಗೆ ವಾಪಸ್ ಬಂತು. ಕೊನೆಗೊಂದು ಶನಿವಾರ ಅದು ಮೂರನೆಯ ಡಬ್ಬಿಗೆ ಹೋದಾಗ ಅವಳು ಅಡುಗೆಮನೆಗೆ ಓಡಿಹೋಗಿ ಹೇಳಿದಳು. ನಿನ್ನೆ ಬಾರದಿದ್ದದ್ದು ಇಂದು ಬಂತು ಎಂಬುದನ್ನು ಕಣ್ಣಾರೆ ಕಾಣುವುದಕ್ಕಿಂತ ದೊಡ್ಡ ಬಹುಮಾನ ಯಾವುದಿದೆ? ಪ್ರತಿ ಭಾನುವಾರ ಮೂರನೆಯ ಡಬ್ಬಿಯ ಪಟ್ಟಿಗಳನ್ನು ಎಣಿಸಿ, ಸಂಖ್ಯೆಯನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಹೋದ ವಾರದ ಸಂಖ್ಯೆಯೊಂದಿಗೆ ಹೋಲಿಸಿ. ಗೆಳತಿಯ ಡಬ್ಬಿಯೊಂದಿಗೆ ಹೋಲಿಸಬೇಡಿ. ಅವಳ ಜೊತೆ ಪಟ್ಟಿ ಅದಲು ಬದಲು ಮಾಡಿ ಪ್ರಶ್ನೆ ಕೇಳಿ, ಅದರ ಮೋಜೇ ಬೇರೆ.

ಇದೂ ಉರು ಹೊಡೆಯುವುದೇ ಅಲ್ಲವೇ?

ನಿಮ್ಮಲ್ಲಿ ಜಾಣರು ಯಾರೋ ಈ ಪ್ರಶ್ನೆ ಕೇಳುತ್ತಿದ್ದೀರಿ, ನನಗೆ ಗೊತ್ತು. ಒಳ್ಳೆಯ ಪ್ರಶ್ನೆಯೇ. ಅರ್ಥವಾಗದ ಪಾಠವನ್ನು ಪಟ್ಟಿಗೆ ಇಳಿಸಿದರೆ ಅದು ಖಂಡಿತ ಉರು ಹೊಡೆಯುವುದೇ. ಒಂದು ಉದಾಹರಣೆ ನೋಡಿ. “ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಹೆಚ್ಚಿರುವ ರಕ್ತ” ಎಂದು ಒಬ್ಬ ಹುಡುಗ ಪಟ್ಟಿ ಮಾಡಿ ಉರು ಹೊಡೆದ ಎಂದುಕೊಳ್ಳಿ. ಆದರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆ ಇರುವ ರಕ್ತ! ರಕ್ತ ಹೃದಯದಿಂದ ಹೊರಡುತ್ತಿದೆಯೇ, ಹೃದಯಕ್ಕೆ ಬರುತ್ತಿದೆಯೇ ಎಂಬುದರ ಮೇಲೆ ನಾಳದ ಹೆಸರು ನಿಂತಿದೆ ಎಂದು ಅರ್ಥ ಮಾಡಿಕೊಂಡ ಹುಡುಗಿ ಇಲ್ಲಿ ಎಡವುವುದಿಲ್ಲ.

ಆದ್ದರಿಂದ ಮೊದಲು ಅರ್ಥ ಮಾಡಿಕೊಳ್ಳಿ, ಆಮೇಲೆ ಪಟ್ಟಿ ಬರೆಯಿರಿ. ಅರ್ಥವಾಗದಿದ್ದರೆ ಗುರುಗಳನ್ನು ಕೇಳಿ. “ಏನು”, “ಯಾವುದು” ಎಂಬ ಪ್ರಶ್ನೆಗಳ ಜೊತೆಗೆ “ಏಕೆ”, “ಹೇಗೆ” ಎಂಬ ಪ್ರಶ್ನೆಗಳನ್ನೂ ಬರೆಯಿರಿ. ಉತ್ತರ ನಿಮ್ಮದೇ ಮಾತಿನಲ್ಲಿರಲಿ. ಮಾಡಿ ನೋಡಬಹುದಾದದ್ದನ್ನು ಮಾಡಿಯೇ ನೋಡಿ. ಹೆಸರುಕಾಳು ಮೊಳಕೆ ಒಡೆಯುವುದನ್ನು ಪಟ್ಟಿಯಲ್ಲಿ ಓದುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡುವುದೇ ಚೆಂದ.

ಹಾಗಾದರೆ ನೆನಪು ಏಕೆ ಬೇಕು, ಅರ್ಥವಾದರೆ ಸಾಲದೇ? ಸಾಲದು. ಇಂದು ಅರ್ಥವಾದದ್ದು ಮುಂದಿನ ತಿಂಗಳು ಮರೆತೇ ಹೋದರೆ, ಅದರ ಮೇಲೆ ಕಟ್ಟಬೇಕಾದ ಪಾಠಕ್ಕೆ ಬುನಾದಿ ಎಲ್ಲಿರುತ್ತದೆ? ಮಗ್ಗಿ ನೆನಪಿದ್ದವರಿಗೆ ಭಿನ್ನರಾಶಿ ಹಗುರವಾಗುತ್ತದೆ. ಹಾಗೆಯೇ ಇದು.

ಇಂದೇ ಶುರು ಮಾಡಿ

ಮಕ್ಕಳೇ, ಒಂದು ಪಾಠವನ್ನು ಮರೆತರೆ ಅಂತಹ ನಷ್ಟವೇನಿಲ್ಲ, ಮತ್ತೆ ಓದಬಹುದು. “ನನಗೆ ತಲೆಯೇ ಇಲ್ಲ” ಎಂದು ನಂಬಿ ಕೈ ಎತ್ತುವುದನ್ನೇ ಬಿಟ್ಟರೆ ಆಗುವ ನಷ್ಟ ದೊಡ್ಡದು. ನನಗೆ ಹಾಗಾಯಿತು. ನಿಮಗೆ ಆಗಬಾರದು. ನಿಮ್ಮ ಪಕ್ಕದಲ್ಲಿ ಕುಳಿತವರು ಉತ್ತರ ಬಾರದೆ ನಿಂತಾಗ ದಯವಿಟ್ಟು ನಗಬೇಡಿ. ಅವರೂ ಏಳು ಸಲ ಓದಿ ಬಂದಿರಬಹುದು. ಸಂಜೆ ಅವರನ್ನು ಕರೆದು ಕೂರಿಸಿಕೊಂಡು ನಾಲ್ಕು ಪಟ್ಟಿ ಕತ್ತರಿಸಿ ಕೊಡಿ.

ಈಗ ಈ ಪುಟವನ್ನೂ ಮುಚ್ಚಿ. ನೋಡದೆ ಹೇಳಿ: ಮರೆವನ್ನು ಅಳೆದ ವಿಜ್ಞಾನಿ ಯಾರು? ಬಿದಿರಿನ ಪಾಠ ಓದಿದ ಮಕ್ಕಳು ಯಾವ ತರಗತಿಯವರು? ಅಪಧಮನಿಗೂ ಅಭಿಧಮನಿಗೂ ಏನು ವ್ಯತ್ಯಾಸ?

ಬಾರದಿದ್ದರೆ ಒಳ್ಳೆಯದೇ ಆಯಿತು. ನಿಮ್ಮ ಮೊದಲ ಮೂರು ಮಿಂಚುಪಟ್ಟಿಗಳು ಸಿದ್ಧವಾದವು!